ಯಜ್ದ್: ನೆಲದಡಿಯ ನೀರು ಕಟ್ಟಿದ ಊರು

ಇರಾನಿನ ನಟ್ಟನಡುವೆ ಯಜ್ದ್ ಅಂತ ಒಂದು ಊರಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 50ರಿಂದ 60 ಮಿಲಿಮೀಟರ್. ಬೆಂಗಳೂರಿನಲ್ಲಿ ಒಂದೇ ರಾತ್ರಿ ಅದಕ್ಕಿಂತ ಜಾಸ್ತಿ ಸುರಿದದ್ದುಂಟು. ಊರೊಳಗೆ ನದಿಯಿಲ್ಲ, ಕೆರೆಯಿಲ್ಲ. ಒಂದು ಕಡೆ ಕವೀರ್ ಮರುಭೂಮಿ, ಇನ್ನೊಂದು ಕಡೆ ಲೂತ್ ಮರುಭೂಮಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಇಷ್ಟಿದ್ದೂ ಒಂದೂವರೆ ಸಾವಿರ ವರ್ಷಕ್ಕಿಂತ ಹಿಂದಿನಿಂದ ಜನ ಇಲ್ಲಿ ಮನೆ ಮಾಡಿಕೊಂಡಿದ್ದಾರೆ. ದಾಳಿಂಬೆ ಬೆಳೆದಿದ್ದಾರೆ, ರೇಷ್ಮೆ ನೇಯ್ದಿದ್ದಾರೆ, ಒಂಟೆ ಸಾಲುಗಳಿಗೆ ನೀರು ಕೊಟ್ಟಿದ್ದಾರೆ. ಈಗ ಅದು ಐದು ಲಕ್ಷ ದಾಟಿದ ನಗರ.

ನೀರೆಲ್ಲಿಂದ ಬಂತು? ಯಜ್ದ್ ನೋಡಲು ಹೋಗುವವರು ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಸಾಕು ಅಂತ ನನ್ನ ಲೆಕ್ಕ. ಮಸೀದಿ, ಗಾಳಿಗೋಪುರ, ಮಣ್ಣಿನ ಓಣಿ ಎಲ್ಲವೂ ಆ ಪ್ರಶ್ನೆಯ ಬೆನ್ನಿಗೇ ಬಿಚ್ಚಿಕೊಳ್ಳುತ್ತವೆ. ಇಲ್ಲದಿದ್ದರೆ ಒಂದರ ಹಿಂದೊಂದು ಫೋಟೋ ತೆಗೆದು ಸುಮ್ನೆ ವಾಪಸ್ ಬರಬೇಕಾಗುತ್ತದೆ.

ಓಯಸಿಸ್ ಅಂದ ಕೂಡಲೇ ನಮಗೆ ಮರಳಿನ ನಡುವೆ ತಿಳಿನೀರಿನ ಕೊಳ, ಸುತ್ತ ಖರ್ಜೂರದ ಮರ ನೆನಪಾಗುತ್ತವೆ ಅಲ್ವಾ? ಯಜ್ದ್‌ನಲ್ಲಿ ಅಂಥ ಕೊಳ ಇರಲೇ ಇಲ್ಲ. ಊರಿನ ನೈಋತ್ಯಕ್ಕೆ ಶೀರ್‌ಕೂಹ್ ಅಂತ ಬೆಟ್ಟವಿದೆ, ಎತ್ತರ 4,000 ಮೀಟರಿಗೂ ಹೆಚ್ಚು. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬೀಳುತ್ತದೆ. ಹಿಮ ಕರಗಿದ ನೀರು ಬೆಟ್ಟದ ಬುಡದ ಜಲ್ಲಿ ಮಣ್ಣಿನಲ್ಲಿ ಇಂಗಿ ಆಳಕ್ಕೆ ಹೋಗುತ್ತದೆ. ಅಲ್ಲೇ ಬಾವಿ ತೋಡಿದರೆ ನೀರು ಸಿಗುತ್ತದೆ ನಿಜ. ಆದರೆ ಅಷ್ಟು ಆಳದಿಂದ ಸೇದಿ ಹೊಲಕ್ಕೆ ಹಾಯಿಸೋದು ಯಾರ ಕೈಲಾದೀತು? ಇನ್ನು ಮೇಲೆ ಕಾಲುವೆ ತೋಡಿ ತರೋಣ ಅಂದರೆ ಆ ಬಿಸಿಲಿಗೆ ದಾರಿಯಲ್ಲೇ ಆವಿಯಾಗಿ ಹೋಗುತ್ತದೆ. ಹಾಗಾಗಿ ಇರಾನಿನ ಜನ ನೀರನ್ನು ನೆಲದೊಳಗೇ ನಡೆಸಿಕೊಂಡು ಬಂದರು. ಈ ಸುರಂಗಕ್ಕೆ ಖನಾತ್ ಅಂತಲೂ ಕರೇಜ್ ಅಂತಲೂ ಹೆಸರು.

ಖನಾತಿನ ಗುಟ್ಟು ಇಳಿಜಾರಿನ ಲೆಕ್ಕದಲ್ಲಿದೆ. ಒಂದು ಉದಾಹರಣೆ ಹಾಕಿಕೊಳ್ಳೋಣ. ಬೆಟ್ಟದ ಬುಡದಲ್ಲಿ 90 ಮೀಟರ್ ಆಳಕ್ಕೆ ನೀರಿದೆ ಅಂತಿಟ್ಟುಕೊಳ್ಳಿ. ಬೆಟ್ಟದಿಂದ ಊರ ಕಡೆಗೆ ನೆಲ ಕಿಲೋಮೀಟರಿಗೆ 10 ಮೀಟರ್ ಇಳಿಯುತ್ತದೆ. ಬಾವಿಯ ತಳದಿಂದ ಊರ ಕಡೆ ಸುರಂಗ ಕೊರೆಯಿರಿ, ಆದರೆ ಅದನ್ನು ಕಿಲೋಮೀಟರಿಗೆ ಬರೀ 1 ಮೀಟರ್ ಇಳಿಸಿ. ಮೇಲಿನ ನೆಲ ಬೇಗ ಬೇಗ ಇಳಿಯುತ್ತದೆ, ಕೆಳಗಿನ ಸುರಂಗ ನಿಧಾನವಾಗಿ ಇಳಿಯುತ್ತದೆ. ಇವೆರಡರ ನಡುವಿನ ಅಂತರ ಪ್ರತಿ ಕಿಲೋಮೀಟರಿಗೆ 9 ಮೀಟರ್ ಕಡಿಮೆಯಾಗುತ್ತಾ ಬಂದು, 10 ಕಿಲೋಮೀಟರ್ ಆದ ಮೇಲೆ ಸುರಂಗ ತಾನಾಗಿಯೇ ನೆಲದ ಮೇಲೆ ಬಾಯಿ ತೆರೆಯುತ್ತದೆ. ಪಂಪ್ ಬೇಡ, ಎತ್ತು ಬೇಡ, ಹಗ್ಗ ಬೇಡ. ಹಗಲೂ ರಾತ್ರಿ ನೀರು ಹರಿಯುತ್ತಲೇ ಇರುತ್ತದೆ. ಬೆಟ್ಟದ ಕಡೆಯ ಮೊದಲ ಬಾವಿ ತಾಯಿಬಾವಿ. ನೀರು ಬೆಳಕು ಕಾಣುವ ಜಾಗಕ್ಕೆ ಮಜ್‌ಹರ್ ಅನ್ನುತ್ತಾರೆ.

ಕೇಳಲು ಸುಲಭ. ತೋಡುವುದು ಹಾಗಲ್ಲ. ಇಳಿಜಾರು ಸ್ವಲ್ಪ ಜಾಸ್ತಿಯಾದರೂ ನೀರಿನ ರಭಸಕ್ಕೆ ಸುರಂಗದ ಗೋಡೆ ಕೊರೆದು ಕುಸಿಯುತ್ತದೆ. ಕಡಿಮೆಯಾದರೆ ಹೂಳು ತುಂಬಿ ಕಟ್ಟಿಕೊಳ್ಳುತ್ತದೆ. ಸಾವಿರಕ್ಕೆ ಒಂದರ ಈ ಇಳಿಜಾರನ್ನು ಆಧುನಿಕ ಉಪಕರಣ ಒಂದೂ ಇಲ್ಲದೆ, ಕತ್ತಲಲ್ಲಿ, ಹತ್ತಾರು ಕಿಲೋಮೀಟರ್ ಉದ್ದಕ್ಕೂ ಹಿಡಿದಿಡಬೇಕು. ಈ ಕೆಲಸ ಮಾಡುತ್ತಿದ್ದವರು ಮುಕನ್ನಿಗಳು. ಅಪ್ಪನಿಂದ ಮಗನಿಗೆ ಬರುತ್ತಿದ್ದ ಕಸುಬು ಅದು. ಯಜ್ದ್‌ನ ಮುಕನ್ನಿಗಳಿಗೆ ಇಡೀ ಇರಾನಿನಲ್ಲೇ ಒಳ್ಳೆ ಹೆಸರು.

ಅವರು ಕೆಲಸ ಶುರು ಮಾಡುತ್ತಿದ್ದುದು ಬೆಟ್ಟದ ಕಡೆಯಿಂದಲ್ಲ, ಊರ ಕಡೆಯಿಂದ. ತಾಯಿಬಾವಿ ತೋಡಿ ನೀರಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಜ್‌ಹರ್‌ನಿಂದ ಮೇಲ್ಮುಖವಾಗಿ ಕೊರೆಯುತ್ತಾ ಹೋಗುತ್ತಿದ್ದರು. ಹಾಗೆ ಮಾಡಿದರೆ ನೀರು ಸಿಕ್ಕಾಗ ಅದು ಅವರ ಬೆನ್ನ ಹಿಂದಕ್ಕೆ ಹರಿದುಹೋಗುತ್ತದೆ, ಒಳಗಿದ್ದವರು ಮುಳುಗುವುದಿಲ್ಲ. ಸುರಂಗ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ಹಿಡಿಸುವಷ್ಟು ಅಗಲ, ಅಷ್ಟೇ. ಹಿಂದೆ ಸಾಲಾಗಿ ಎಣ್ಣೆ ದೀಪಗಳು. ತಿರುಗಿ ನೋಡಿದಾಗ ದೀಪಗಳು ಒಂದರ ಹಿಂದೊಂದು ಮರೆಯಾದರೆ ಸುರಂಗ ನೇರವಾಗಿದೆ ಅಂತ ಅರ್ಥ. ದೀಪ ಮಂಕಾದರೆ ಉಸಿರಾಡುವ ಗಾಳಿ ಮುಗಿಯುತ್ತಿದೆ ಅಂತ ಅರ್ಥ. ಮಣ್ಣು ಸಡಿಲವಿದ್ದ ಕಡೆ ಸುಟ್ಟ ಮಣ್ಣಿನ ಬಳೆಗಳನ್ನು ಒಳಗೆ ಕೂರಿಸಿ ಗೋಡೆಗೆ ಆಸರೆ ಕೊಡುತ್ತಿದ್ದರು. ಮುಕನ್ನಿಗಳು ಬಿಳಿ ಬಟ್ಟೆ ಹಾಕಿಕೊಂಡೇ ಇಳಿಯುತ್ತಿದ್ದರು. ಕತ್ತಲಲ್ಲಿ ಕಾಣಲಿ ಅಂತ ಒಂದು ಕಾರಣ. ಸುರಂಗ ಕುಸಿದು ಅಲ್ಲೇ ಸತ್ತರೆ ಅದೇ ಕಫನ್, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ, ಆಗಲಿ ಅನ್ನೋದು ಇನ್ನೊಂದು.

ಸುರಂಗದ ಉದ್ದಕ್ಕೂ 20ರಿಂದ 50 ಮೀಟರಿಗೊಂದು ನೇರ ಗುಂಡಿ ಮೇಲಕ್ಕೆ ಬರುತ್ತದೆ. ಅದರ ಮೂಲಕ ಗಾಳಿ ಒಳಗೆ ಹೋಗಬೇಕು, ತೋಡಿದ ಮಣ್ಣು ಹೊರಗೆ ಬರಬೇಕು, ಮುಂದೆ ಹೂಳೆತ್ತಲು ಜನ ಇಳಿಯಬೇಕು. ಎತ್ತಿದ ಮಣ್ಣನ್ನು ಗುಂಡಿಯ ಬಾಯಿ ಸುತ್ತ ಸುರಿದಿರುತ್ತಾರೆ. ಮರುಭೂಮಿಯಲ್ಲೂ ಅಪರೂಪಕ್ಕೆ ಹುಚ್ಚು ಮಳೆ ಬಂದು ಪ್ರವಾಹವಾಗುತ್ತದೆ. ಆಗ ಈ ದಿಬ್ಬ ಕೆಸರು ನೀರನ್ನು ತಡೆಯುತ್ತದೆ. ವಿಮಾನದ ಕಿಟಕಿಯಿಂದ ನೋಡಿದರೆ ಬೋಳು ನೆಲದ ಮೇಲೆ ಹುತ್ತಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ. ಆ ಸಾಲು ಹಿಡಿದು ಹೋದರೆ ಯಾವುದೋ ಒಂದು ಊರು ಸಿಕ್ಕೇ ಸಿಗುತ್ತದೆ.

ಯಜ್ದ್‌ನ ಜಾರ್ಚ್ ಖನಾತ್ 70 ಕಿಲೋಮೀಟರಿಗೂ ಉದ್ದ. 2016ರಲ್ಲಿ ಯುನೆಸ್ಕೋ 11 ಇರಾನಿ ಖನಾತ್‌ಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಅವುಗಳಲ್ಲಿ ಇದೂ ಒಂದು. ಮರುವರ್ಷ, 2017ರಲ್ಲಿ, ಯಜ್ದ್‌ನ ಹಳೆ ಊರಿಗೇ ಆ ಮಾನ್ಯತೆ ಸಿಕ್ಕಿತು. ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಿದ್ದು ಕಾಗದದ ಮೇಲೆ ಸರಿ. ಊರಿನಲ್ಲಿ ನಿಂತು ನೋಡಿದರೆ ಅವನ್ನು ಬೇರೆ ಮಾಡೋಕೇ ಆಗೋದಿಲ್ಲ.

ನೀರು ಬಂತು. ಇನ್ನು ಹಂಚಿಕೊಳ್ಳಬೇಕು. ಖನಾತ್ ತೋಡಲು ವರ್ಷಗಟ್ಟಲೆ ಬೇಕು, ತುಂಬಾ ದುಡ್ಡು ಬೇಕು. ಹಾಗಾಗಿ ಹಲವರು ಸೇರಿ ಹಣ ಹಾಕುತ್ತಿದ್ದರು. ಯಾರ ಪಾಲು ಎಷ್ಟೋ ಅಷ್ಟು ಹೊತ್ತು ನೀರು. ಲೀಟರ್ ಲೆಕ್ಕವಲ್ಲ, ಸಮಯದ ಲೆಕ್ಕ. ಒಂದು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಅದರ ಮೇಲೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತೇಲಿಬಿಡುತ್ತಿದ್ದರು. ತೂತಿನಿಂದ ನೀರು ಏರಿ ಏರಿ ಬಟ್ಟಲು ಮುಳುಗಿದರೆ ಒಂದು ಅಳತೆ ಮುಗಿಯಿತು. ಪಕ್ಕದಲ್ಲೇ ಕೂತವನು ಒಂದು ಕಲ್ಲು ತೆಗೆದಿಟ್ಟು, ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡಬೇಕು. ಹಗಲೂ ರಾತ್ರಿ ಇದೇ ಕೆಲಸ. ನಿಮಗೆ ಇಂತಿಷ್ಟು ಬಟ್ಟಲು ನೀರು, ಹತ್ತು ಹದಿನೈದು ದಿನಕ್ಕೊಮ್ಮೆ ಸರದಿ. ಈ ಪಾಲನ್ನು ಮಾರಬಹುದಿತ್ತು, ಬಾಡಿಗೆಗೆ ಕೊಡಬಹುದಿತ್ತು, ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು, ಮಸೀದಿಗೆ ವಕ್ಫ್ ಮಾಡಬಹುದಿತ್ತು. ಜಮೀನಿಗೂ ನೀರಿಗೂ ಬೇರೆ ಬೇರೆ ಮಾಲೀಕರು ಇರಬಹುದಿತ್ತು. ನೀರಿಲ್ಲದ ಜಮೀನಿಗೆ ಇಲ್ಲಿ ಬೆಲೆ ಏನಿದೆ, ಹೇಳಿ.

ಹಂಚಿಕೆ ನ್ಯಾಯವಾಗಿತ್ತು ಅಂತ ಹೊಗಳುವ ಮುಂಚೆ ಇದನ್ನೂ ನೋಡಬೇಕು. ನೀರು ಮೊದಲು ಮುಟ್ಟುವ ಕಡೆ ಶ್ರೀಮಂತರ ಮನೆಗಳಿದ್ದವು. ಅಲ್ಲಿ ಅದು ತಂಪು, ಶುದ್ಧ. ಕೆಳಗೆ ಹರಿದ ಹಾಗೆಲ್ಲಾ ಕೊಳೆಯಾಗಿ, ಕಡಿಮೆಯಾಗಿ ಬಡವರ ಪಾಲಿಗೆ ಬರುತ್ತಿತ್ತು.

ಈಗ ಊರೊಳಗೆ ಬನ್ನಿ. ಅಮೀರ್ ಚಖ್ಮಾಖ್ ಚೌಕದ ಹತ್ತಿರವೇ ನೀರಿನ ಮ್ಯೂಸಿಯಂ ಇದೆ, ಒಬ್ಬ ವ್ಯಾಪಾರಿಯ ಹಳೆ ಮನೆಯಲ್ಲಿ. ಬಹಳ ಜನ ಚೌಕದ ಮೂರಂತಸ್ತಿನ ಕಮಾನುಗಳ ಮುಂದೆ ಫೋಟೋ ತೆಗೆದುಕೊಂಡು ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಸಲಹೆ ಉಲ್ಟಾ: ಮೊದಲು ಇಲ್ಲಿಗೆ ಹೋಗಿ. ಮುಕನ್ನಿಗಳ ದೀಪ, ರಾಟೆ, ಬಟ್ಟಲು ಇಲ್ಲಿ ಕಾಣುತ್ತವೆ. ಮನೆಯ ಕೆಳಗೇ ಖನಾತ್ ಹರಿಯುತ್ತಿದ್ದದ್ದೂ ಕಾಣುತ್ತದೆ. ಅಲ್ಲಿಂದ ಜಾಮಾ ಮಸೀದಿಗೆ ನಡೆದು ಹೋಗಬಹುದು. 14ನೇ ಶತಮಾನದ ಕಟ್ಟಡ. ಬಾಗಿಲ ಮೇಲಿನ ಜೋಡಿ ಮಿನಾರುಗಳು ಸುಮಾರು 50 ಮೀಟರ್ ಎತ್ತರ, ನೀಲಿ ಹೆಂಚಿನ ಕೆಲಸ ಕಣ್ಣು ಕೀಳಲು ಬಿಡುವುದಿಲ್ಲ. ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಆದರೆ ಈ ಮಸೀದಿಯ ಅಡಿಯಲ್ಲೇ ಜಾರ್ಚ್ ಖನಾತ್ ಹಾದುಹೋಗುತ್ತದೆ. ಅಂಗಳದಿಂದ ಅದರವರೆಗೆ ಇಳಿಯುವ ಮೆಟ್ಟಿಲ ದಾರಿಗೆ ಪಾಯಾಬ್ ಅನ್ನುತ್ತಾರೆ. ನಮಾಜಿಗೆ ಬಂದವರು ಇಳಿದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ತೆರೆದಿದ್ದರೆ ಖಂಡಿತ ಇಳಿಯಿರಿ. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಬಿಸಿ ಕಡಿಮೆಯಾಗುತ್ತದೆ, ಇನ್ನಷ್ಟು ಇಳಿದರೆ ಮೈಗೆ ತಂಪು ಹತ್ತುತ್ತದೆ.

ಈ ತಂಪನ್ನು ಮೇಲಿನ ಮನೆಗೂ ತಂದುಕೊಳ್ಳಬೇಕು ಅನ್ನಿಸಿದ್ದು ಸಹಜ. ಅದಕ್ಕೇ ಬಾದ್‌ಗೀರ್, ಅಂದರೆ ಗಾಳಿಗೋಪುರ. ಯಜ್ದ್‌ನ ಯಾವ ಛಾವಣಿ ಮೇಲೆ ನಿಂತರೂ ಇವು ಗುಂಪು ಗುಂಪಾಗಿ ಕಾಣುತ್ತವೆ. ಚೌಕಾಕಾರದ ಗೋಪುರ, ತಲೆಯ ಹತ್ತಿರ ಉದ್ದುದ್ದ ಸೀಳು. ಒಳಗೆ ಇಟ್ಟಿಗೆಯ ತೆಳು ಗೋಡೆಗಳು ಅದನ್ನು ಹಲವು ಕೊಳವೆಗಳಾಗಿ ಭಾಗ ಮಾಡಿರುತ್ತವೆ. ಗಾಳಿ ಬೀಸುವ ಕಡೆಯ ಕೊಳವೆಯಲ್ಲಿ ಗಾಳಿ ಕೆಳಗೆ ನುಗ್ಗುತ್ತದೆ. ಎದುರು ಬದಿಯ ಕೊಳವೆ ಕೋಣೆಯ ಬಿಸಿ ಗಾಳಿಯನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಗಾಳಿಯೇ ಇಲ್ಲದ ದಿನ ಗೋಪುರ ಬರೀ ಚಿಮಣಿಯಾಗಿ ಕೆಲಸ ಮಾಡುತ್ತದೆ.

ಇಲ್ಲೊಂದು ವಿಷಯ ಬಹಳ ಕಡೆ ಬಿಟ್ಟುಹೋಗುತ್ತದೆ. 42 ಡಿಗ್ರಿಯ ಗಾಳಿಯನ್ನು ಕೋಣೆಗೆ ಇಳಿಸಿಕೊಂಡರೆ ಸಿಗುವುದು 42 ಡಿಗ್ರಿಯ ಗಾಳಿಯೇ. ತಂಪು ಬರಬೇಕಾದರೆ ಅದು ನೀರನ್ನು ಮುಟ್ಟಬೇಕು. ಹಾಗಾಗಿ ಗೋಪುರದ ಬುಡದಲ್ಲಿ ಪುಟ್ಟ ಕೊಳ ಇರುತ್ತಿತ್ತು, ಖನಾತಿನ ನೀರಿನದ್ದು. ಒಣ ಗಾಳಿ ಆ ನೀರಿನ ಮೇಲೆ ಹಾದಾಗ ನೀರು ಆವಿಯಾಗಿ ಗಾಳಿಯ ಬಿಸಿ ಇಳಿಯುತ್ತದೆ. ಕೆಲವು ಮನೆಗಳಲ್ಲಿ ನೆಲಮಾಳಿಗೆಯಿಂದ ಖನಾತಿಗೇ ದಾರಿ ಇತ್ತು. ಗೋಪುರ ಮೇಲಿಂದ ಹೀರಿದರೆ ಸುರಂಗದ ತಣ್ಣನೆ ಗಾಳಿ ಕೆಳಗಿಂದ ಏರಿ ಬರುತ್ತಿತ್ತು. ನೀರಿಲ್ಲದ ಬಾದ್‌ಗೀರ್ ಅರ್ಧ ಯಂತ್ರ ಮಾತ್ರ. ಇದನ್ನು ಕಾಪಿ ಮಾಡಲು ಹೊರಟ ಎಷ್ಟೋ ಹೊಸ ಕಟ್ಟಡಗಳಲ್ಲಿ ಗೋಪುರ ಬರೀ ಅಲಂಕಾರವಾಗಿ ಉಳಿಯೋದು ಇದಕ್ಕೇ ಇರಬೇಕು.

ಅತಿ ಎತ್ತರದ್ದು ದೌಲತಾಬಾದ್ ತೋಟದಲ್ಲಿದೆ. ಎಂಟು ಮೂಲೆಯ, 33 ಮೀಟರಿಗೂ ಎತ್ತರದ ಗೋಪುರ. ತೋಟ 18ನೇ ಶತಮಾನದ್ದು, ಯಜ್ದ್‌ನ ಆಡಳಿತಗಾರ ಮೊಹಮ್ಮದ್ ತಖಿ ಖಾನ್ ಮಾಡಿಸಿದ್ದು. ಗೋಪುರ ಮಧ್ಯೆ ಒಮ್ಮೆ ಬಿದ್ದು, 1960ರ ದಶಕದಲ್ಲಿ ಮತ್ತೆ ಕಟ್ಟಿದ್ದಾರೆ. ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ. ಮಾತಾಡದೆ ಒಂದು ನಿಮಿಷ ನಿಂತರೆ ಮುಖಕ್ಕೆ ಗಾಳಿ ತಾಗುತ್ತದೆ. ತೋಟದ ನೀರು ಬರುತ್ತಿದ್ದುದು ಹತ್ತಾರು ಕಿಲೋಮೀಟರ್ ಆಚೆಯ ಮೆಹ್ರಿಜ್ ಕಡೆಯಿಂದ, ಖನಾತಿನಲ್ಲಿ.

ಓಣಿಗಳಲ್ಲಿ ನಡೆಯುವಾಗ ಗುಮ್ಮಟವೊಂದು, ಅದರ ಸುತ್ತ ನಾಲ್ಕೋ ಆರೋ ಬಾದ್‌ಗೀರ್ ಕಂಡರೆ ಅದು ಆಬ್ ಅಂಬಾರ್, ಕುಡಿಯುವ ನೀರಿನ ನೆಲದಡಿಯ ತೊಟ್ಟಿ. ಹೊಲಕ್ಕೆ ನೀರು ಬೇಡದ ಚಳಿಗಾಲದಲ್ಲಿ ತುಂಬಿಸಿಟ್ಟು ಬೇಸಿಗೆಯವರೆಗೆ ಬಳಸುತ್ತಿದ್ದರು. ಗೋಪುರಗಳು ಗಾಳಿಯಾಡಿಸಿ ನೀರು ಕೊಳೆಯದಂತೆ, ತಂಪಾಗಿ ಇರುವಂತೆ ನೋಡಿಕೊಳ್ಳುತ್ತಿದ್ದವು. ಜನ ಕಡಿದಾದ ಮೆಟ್ಟಿಲಿಳಿದು ನಲ್ಲಿ ತಿರುಗಿಸಿ ಕೊಡ ತುಂಬಿಕೊಳ್ಳುತ್ತಿದ್ದರು. ನಲ್ಲಿಯನ್ನು ತಳಕ್ಕಿಂತ ಸ್ವಲ್ಪ ಮೇಲೆ ಕೂರಿಸಿರುತ್ತಾರೆ, ಕೆಸರು ಬರಬಾರದು ಅಂತ. ಮನೆಗಳೂ ಇದೇ ಬುದ್ಧಿಯವು. ಮನೆಯಂಗಳವನ್ನು ಆಳಕ್ಕೆ ತೋಡಿ ತೋಟ ಮಾಡಿದರೆ ಖನಾತಿನ ನೀರು ಹತ್ತಿರವಾಗುತ್ತದೆ. ತೋಡಿದ ಮಣ್ಣೇ ಇಟ್ಟಿಗೆಯಾಗಿ ಗೋಡೆಗೆ ಏರುತ್ತದೆ.

ವ್ಯಾಪಾರದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಸ್ಫಹಾನ್ ಕಡೆಯಿಂದ ಕೆರ್ಮಾನಿಗೆ, ಅಲ್ಲಿಂದ ಹೊರ್ಮುಜ್ ಬಂದರಿಗೆ ಹೋಗುವ ದಾರಿ ಯಜ್ದ್ ಮೇಲೆ ಹಾಯುತ್ತಿತ್ತು. ಆ ಬಂದರಿನಿಂದ ನಮ್ಮ ಪಶ್ಚಿಮ ಕರಾವಳಿಗೆ ಹಡಗು. ಒಂಟೆ ಸಾಲಿಗೆ ಒಂದು ದಿನದ ನಡಿಗೆಗೊಂದು ನೀರಿನ ಜಾಗ ಬೇಕೇ ಬೇಕು. ಎರಡು ಮರುಭೂಮಿಯ ಸಂದಿಯಲ್ಲಿ ನೀರಿಟ್ಟುಕೊಂಡವರ ಊರು ಪೇಟೆಯಾಗದೆ ಇನ್ನೇನಾದೀತು? 1272ರ ಸುಮಾರಿಗೆ ಮಾರ್ಕೊ ಪೋಲೊ ಇಲ್ಲಿಗೆ ಬಂದು, ಊರಿನ ಹೆಸರಲ್ಲೇ ಮಾರಾಟವಾಗುತ್ತಿದ್ದ ರೇಷ್ಮೆ ಬಟ್ಟೆಯ ಬಗ್ಗೆ ಬರೆದಿದ್ದಾನೆ. ಮಂಗೋಲರ ಕಾಲದಲ್ಲಿ ಇಲ್ಲಿನ ಆಳುವವರು ಬೇಗ ತಲೆಬಾಗಿದ್ದರಿಂದ ಊರು ಸುಟ್ಟುಹೋಗಲಿಲ್ಲ. ಬಜಾರಿನಲ್ಲಿ ತೆರ್ಮೆ ಅನ್ನೋ ದಪ್ಪ ನೇಯ್ಗೆ ಬಟ್ಟೆ ಈಗಲೂ ಸಿಗುತ್ತದೆ. ಬೆಲೆ ಕೇಳಿ ಗಾಬರಿಯಾಗಬೇಡಿ, ಕೈಮಗ್ಗದ್ದು ಬೇರೆ, ಮಷೀನಿನದ್ದು ಬೇರೆ.

ಯಜ್ದ್ ಪಾರಸಿಗಳ ಮೂಲಧರ್ಮದ ದೊಡ್ಡ ನೆಲೆಯೂ ಹೌದು. ಇಲ್ಲಿನ ಅಗ್ನಿ ಮಂದಿರದ ಬೆಂಕಿ ಕ್ರಿ.ಶ. 470ರಿಂದ ಆರಿಲ್ಲ ಅನ್ನುತ್ತಾರೆ. ಹಲವು ಊರು ಸುತ್ತಿ ಬಂದ ಬೆಂಕಿ ಅದು. ಈಗಿನ ಕಟ್ಟಡ 1934ರದ್ದು, ಭಾರತದ ಪಾರಸಿಗಳ ಹಣದ ನೆರವಿನಿಂದ ಎದ್ದದ್ದು. ಮುಂದೆ ಒಂದು ದುಂಡು ಕೊಳ, ಒಳಗೆ ಗಾಜಿನ ಹಿಂದೆ ಬೆಂಕಿ. ಮುಂಬೈನ ಇರಾನಿ ಹೋಟೆಲ್‌ಗಳನ್ನು ಶುರು ಮಾಡಿದ ಎಷ್ಟೋ ಕುಟುಂಬಗಳು ಯಜ್ದ್ ಮತ್ತು ಸುತ್ತಲ ಹಳ್ಳಿಗಳಿಂದ ಬಂದವೇ. ಊರ ಹೊರಗೆ ಎರಡು ಗುಡ್ಡಗಳ ಮೇಲೆ ಹಳೆಯ ದಖ್ಮಾಗಳಿವೆ. ಶವಗಳನ್ನು ಹದ್ದುಗಳಿಗೆ ಬಿಡುತ್ತಿದ್ದ ಜಾಗ ಅವು, ಈಗ ಬಳಕೆಯಲ್ಲಿಲ್ಲ. ಅವುಗಳ ಬುಡದಲ್ಲೂ ಒಂದು ಆಬ್ ಅಂಬಾರ್ ಇದೆ ನೋಡಿ.

ಇಷ್ಟೆಲ್ಲಾ ಇದ್ದೂ ಇವತ್ತಿನ ಯಜ್ದ್ ಖನಾತಿನ ನೀರಿನಿಂದ ಬದುಕುತ್ತಿಲ್ಲ. 20ನೇ ಶತಮಾನದಲ್ಲಿ ಪಂಪ್ ಹಾಕಿದ ಆಳ ಬಾವಿಗಳು ಬಂದವು. ಖನಾತ್ ತಾನಾಗಿ ಹರಿದು ಬರುವಷ್ಟನ್ನೇ ಕೊಡುತ್ತದೆ, ಪಂಪ್ ಕೇಳಿದಷ್ಟು ಎಳೆಯುತ್ತದೆ. ನೀರಿನ ಮಟ್ಟ ಸುರಂಗಕ್ಕಿಂತ ಕೆಳಗೆ ಹೋದರೆ ಮುಗಿಯಿತು, ಅದು ಖಾಲಿ ಕೊಳವೆ. ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿ ಬತ್ತಿದ್ದನ್ನು ಕೋಲಾರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಈಗ ಊರಿಗೆ ಇಸ್ಫಹಾನ್ ಕಡೆಯ ಜಾಯಂದೆ ನದಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಆ ನದಿಯೇ ಒಣಗತೊಡಗಿದಾಗ, 2013ರಲ್ಲಿ, ಅಲ್ಲಿನ ರೈತರು ಯಜ್ದ್‌ಗೆ ಹೋಗುವ ಪೈಪನ್ನು ಒಡೆದರು. ನಮ್ಮ ನೀರು ಅವರಿಗೇಕೆ ಅನ್ನುವುದು ಅವರ ಜಗಳ.

ಹೋಗುವವರಿಗೆ ಒಂದಿಷ್ಟು. ಮಾರ್ಚ್ ಕೊನೆಯಿಂದ ಏಪ್ರಿಲ್, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಇರಾನಿನ ಹೊಸ ವರ್ಷವಾದ ನೌರೂಜ್ ರಜೆಯಲ್ಲಿ ಮಾತ್ರ ಜನಜಂಗುಳಿ. ಟೆಹರಾನಿನಿಂದ ರಾತ್ರಿ ರೈಲಿದೆ. ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ, ಸಂಜೆ ಮತ್ತೆ ತೆರೆಯುತ್ತವೆ, ಅದಕ್ಕೆ ತಕ್ಕ ಹಾಗೆ ಓಡಾಟ ಇಟ್ಟುಕೊಳ್ಳಿ. ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ನಗದು ಬೇಕು. ಹೆಂಗಸರು ತಲೆ ಮುಚ್ಚಬೇಕೆಂಬ ಕಾನೂನಿದೆ. ಪಶ್ಚಿಮ ಏಷ್ಯಾದ ಪರಿಸ್ಥಿತಿ ಇದ್ದಕ್ಕಿದ್ದಂತೆ ಬದಲಾಗುತ್ತದೆ, ವೀಸಾ ನಿಯಮವೂ ಅಷ್ಟೇ. ಟಿಕೆಟ್‌ಗೆ ದುಡ್ಡು ಹಾಕುವ ಮುಂಚೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿಕೊಳ್ಳಿ.

ಈಗ ಹೋಗುವುದು ಆಗದ ಮಾತು ಅಂದರೆ ಬೀದರ್ ಇದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಬಹಮನಿ ಸುಲ್ತಾನ ಅಹ್ಮದ್ ಷಾ (ಆಳ್ವಿಕೆ 1422ರಿಂದ 1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಕೆರ್ಮಾನ್ ಹತ್ತಿರದ ಮಾಹಾನಿನ ಸೂಫಿ ಷಾ ನಿಯಾಮತುಲ್ಲಾನ ಮೇಲೆ ಅವನಿಗೆ ಭಾರೀ ಭಕ್ತಿ. ಆ ಸಂತನ ಮಗ ಖಲೀಲುಲ್ಲಾ ಬೀದರಿಗೇ ಬಂದು ನೆಲೆಸಿದ. ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿ ಅವನ ಸಮಾಧಿಯೇ. ಮಾಹಾನಿನಲ್ಲಿ ಸಂತನ ಗೋರಿಯ ಮೇಲಿನ ಗುಮ್ಮಟಕ್ಕೆ ಹಣ ಹೋದದ್ದು ಬೀದರಿನಿಂದ. ಹೀಗೆ ಓಡಾಡಿದ ಜನರ ಜೊತೆಗೆ ಸುರಂಗ ತೋಡುವ ವಿದ್ಯೆಯೂ ಬಂತು. ಬೀದರ್ ಪಕ್ಕದ ನೌಬಾದ್‌ನ ಕರೇಜ್ ಆ ಕಾಲದ್ದು, ಎರಡು ಕಿಲೋಮೀಟರಿಗೂ ಉದ್ದ. ಅದರ ಮೇಲೂ ಸಾಲಾಗಿ ಗುಂಡಿಗಳಿವೆ. ಕೆಲವು ಹೂತುಹೋಗಿ, ಕೆಲವಕ್ಕೆ ಕಸ ಸುರಿದು ಮರೆತಿದ್ದ ಇದನ್ನು ಕಳೆದ ದಶಕದಲ್ಲಿ ಹೂಳೆತ್ತಿ ತೆರೆದರು.

ತಂತ್ರ ಇರಾನಿನದ್ದಾದರೂ ಕಲ್ಲು ನಮ್ಮದು. ಯಜ್ದ್‌ನಲ್ಲಿ ನೀರು ಸಿಗುವುದು ಬೆಟ್ಟದ ಬುಡದ ಜಲ್ಲಿಯಲ್ಲಿ. ಬೀದರ್ ಕೂತಿರುವುದು ಮುರಕಲ್ಲಿನ ಹಾಸಿನ ಮೇಲೆ. ಮಳೆ ನೀರು ತೂತು ತೂತಾದ ಮುರಕಲ್ಲಿನೊಳಗೆ ಇಳಿದು, ಕೆಳಗಿನ ಗಟ್ಟಿ ಕಪ್ಪುಕಲ್ಲು ಸಿಕ್ಕಿದಲ್ಲಿ ನಿಲ್ಲುತ್ತದೆ. ಕರೇಜ್ ಆ ನೀರನ್ನು ಹಿಡಿಯುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ಸುರಂಗವೂ ಮುರಕಲ್ಲಿನದ್ದೇ. ಬಂಟ್ವಾಳ ತಾಲ್ಲೂಕಿನಲ್ಲಿ ಗುಡ್ಡಕ್ಕೆ ಒಬ್ಬರೇ ಸುರಂಗ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಲ್ಲಿನ ಸುರಂಗ ಸಾಮಾನ್ಯವಾಗಿ ಒಂದೇ ತೋಟದ್ದು, ನೇರ ಗುಡ್ಡದೊಳಗೆ ಹೋಗುತ್ತದೆ, ಗುಂಡಿಗಳ ಸಾಲು ಬೇಕಾಗುವಷ್ಟು ಉದ್ದವೂ ಇರುವುದಿಲ್ಲ. ನೌಬಾದಿನದ್ದು ಊರಿಗಾಗಿ ತೋಡಿದ್ದು. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿದರೆ ನೀರಿನ ಏರಿಳಿತ ಗೊತ್ತಾಗುತ್ತದೆ.